ಕೊಟ್ಟ ಮೇಲೆ

2005ರ ಜೂನ್ 14ರಂದು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ತನ್ನ ಸೋಲಾರಿಸ್ ಆಪರೇಟಿಂಗ್ ಸಿಸ್ಟಂನ ಸೋರ್ಸ್ ಕೋಡ್‌ನ ಬಹುಪಾಲನ್ನು ಓಪನ್‌ಸೋಲಾರಿಸ್ ಎಂಬ ಹೆಸರಿನಲ್ಲಿ ಬಯಲಿಗಿಟ್ಟಿತು. ಅದರ ಎಂಜಿನಿಯರುಗಳು ವರ್ಷಗಟ್ಟಲೆ ಬರೆದು ತಿದ್ದಿದ ಲಕ್ಷಾಂತರ ಸಾಲುಗಳನ್ನು ಇನ್ನು ಯಾರು ಬೇಕಾದರೂ ಓದಬಹುದು, ಬದಲಿಸಬಹುದು, ಹಂಚಬಹುದು.

ಇದು ಬರೀ ಔದಾರ್ಯವಲ್ಲ. ಡಾಟ್‌ಕಾಂ ಕುಸಿತದ ಪೆಟ್ಟಿನಿಂದ ಸನ್ ಚೇತರಿಸಿಕೊಂಡಿರಲಿಲ್ಲ, ಅದರ ಗಿರಾಕಿಗಳು ಮೊದಲೇ ಮುಕ್ತವಾಗಿದ್ದ ಲಿನಕ್ಸ್ ಕಡೆ ಹೊರಳುತ್ತಿದ್ದರು. ಆದರೆ ಕೊಡುವವರ ಮನಸ್ಸಿನಲ್ಲಿ ಎಷ್ಟು ಲೆಕ್ಕಾಚಾರವಿತ್ತು ಎಂದು ಕೆದಕುವುದರಲ್ಲಿ ನನಗೆ ಆಸಕ್ತಿಯಿಲ್ಲ. ಕೊಟ್ಟದ್ದನ್ನು ವಾಪಸ್ ಕೇಳುವ ದಾರಿಯನ್ನು ಅವರು ಲೈಸೆನ್ಸ್ ಬರೆದು ಮುಚ್ಚಿಕೊಂಡರಲ್ಲ, ದೊಡ್ಡದು ಅದು.

ಅದರ ಬೆಲೆ ತಿಳಿದದ್ದು 2010ರಲ್ಲಿ. ಸನ್ ಅನ್ನು ಕೊಂಡ ಒರಾಕಲ್ ಆ ಆಗಸ್ಟ್‌ನಲ್ಲಿ ಓಪನ್‌ಸೋಲಾರಿಸ್‌ಗೆ ತೆರೆ ಎಳೆಯಿತು. ಮುಂದಿನ ವರ್ಷ ಸೋಲಾರಿಸ್ 11 ಬಂದಾಗ ಅದರ ಕೋಡ್ ಅನ್ನು ಒರಾಕಲ್ ಹಿಂದಿನಂತೆ ಬಯಲಿಗಿಡಲಿಲ್ಲ. ಮಾಲೀಕ ಬದಲಾದ, ಮನಸ್ಸೂ ಬದಲಾಯಿತು. ಆದರೂ ಅಲ್ಲಿಯವರೆಗೆ ಕೊಟ್ಟದ್ದು ಕೊಟ್ಟದ್ದೇ. 2010ರ ಅದೇ ಆಗಸ್ಟ್‌ನಲ್ಲಿ ಕೆಲವರು ಅದನ್ನೆತ್ತಿಕೊಂಡು ಇಲ್ಯೂಮೋಸ್ ಎಂಬ ಯೋಜನೆ ಶುರುಮಾಡಿದರು. ಸನ್ ತೆರೆಯದೆ ಉಳಿಸಿದ್ದ ತುಣುಕುಗಳೇ ಅವರಿಗೆ ಮೊದಲ ತೊಡಕು. ಸಿ ಲೈಬ್ರರಿಯಲ್ಲಿ ಬೇರೆ ಬೇರೆ ಭಾಷೆ, ಲಿಪಿಗಳನ್ನು ನಿಭಾಯಿಸುವ ಭಾಗ ಅಂಥದ್ದೊಂದು. ಅದಕ್ಕೆ ಬದಲಿಯನ್ನು ಕಷ್ಟಪಟ್ಟು ಕಟ್ಟಬೇಕಾಯಿತು.

ಕೊಟ್ಟದ್ದರಲ್ಲಿ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಂ ಇತ್ತು. ಡಿಸ್ಕ್‌ನಲ್ಲಿಟ್ಟ ಮಾಹಿತಿ ಸದ್ದಿಲ್ಲದೆ ಕೆಡುವುದುಂಟು. ಝಡ್‌ಎಫ್‌ಎಸ್ ಪ್ರತಿ ಬ್ಲಾಕ್‌ನ ಚೆಕ್‌ಸಮ್ ಎಂಬ ತಾಳೆಸಂಖ್ಯೆಯನ್ನು ಆ ಬ್ಲಾಕ್‌ನಲ್ಲೇ ಇಡದೆ, ಅದನ್ನು ತೋರಿಸುವ ಮೇಲಿನ ಬ್ಲಾಕ್‌ನಲ್ಲಿ ಇಡುತ್ತದೆ. ಓದುವಾಗ ತಾಳೆ ನೋಡಿ, ಕೆಟ್ಟಿದ್ದರೆ, ಇನ್ನೊಂದು ಪ್ರತಿಯಿದ್ದಲ್ಲಿ ಅದರಿಂದ ಸರಿಪಡಿಸುತ್ತದೆ. ಇವತ್ತು ಅದು ಫ್ರೀಬಿಎಸ್‌ಡಿ ಎಂಬ ಇನ್ನೊಂದು ಆಪರೇಟಿಂಗ್ ಸಿಸ್ಟಂನಲ್ಲೂ ಲಿನಕ್ಸ್‌ನಲ್ಲೂ ದುಡಿಯುತ್ತಿದೆ. ಹುಟ್ಟಿಸಿದ ಕಂಪನಿಯೇ ಇಲ್ಲ, ಕೊಟ್ಟದ್ದು ಮಾತ್ರ ಬೆಳೆಯುತ್ತಿದೆ.

ನನ್ನನ್ನು ಕಾಡುವ ವಿಷಯ ಇನ್ನೊಂದಿದೆ. ಹೊರಗಿನವರು ಓಪನ್‌ಸೋಲಾರಿಸ್‌ಗೆ ಕೋಡ್ ಕೊಡಬೇಕಿದ್ದರೆ ಅದರ ಹಕ್ಕುಸ್ವಾಮ್ಯದಲ್ಲಿ ಸನ್‌ಗೂ ಪಾಲು ಬರೆದುಕೊಡಬೇಕಿತ್ತು. ನಂಬಿ ಸಹಿ ಹಾಕಿದರು. ಆ ಪಾಲು ಒರಾಕಲ್ ಕೈಗೆ ಹೋಯಿತು, ಸಹಿ ಹಾಕಿದವರು ಬರೆದದ್ದನ್ನೂ ಮುಚ್ಚಿದ ಉತ್ಪನ್ನದಲ್ಲಿ ಬಳಸುವ ಅಧಿಕಾರದ ಸಮೇತ. ಒಂದು ಕೈಯಲ್ಲಿ ಕೊಟ್ಟ ಸನ್ ಇನ್ನೊಂದು ಕೈಯಲ್ಲಿ ತನಗೆಂದು ಇಷ್ಟನ್ನು ಉಳಿಸಿಕೊಂಡಿತ್ತು. ಇದನ್ನು ನಾನು ಸಣ್ಣ ತಪ್ಪೆಂದು ಬಿಡಲಾರೆ.

ಇಲ್ಯೂಮೋಸ್ ಅಂಥ ಸಹಿ ಕೇಳುವುದಿಲ್ಲ. ಬರೆದವರ ಹಕ್ಕು ಬರೆದವರಲ್ಲೇ ಇರುತ್ತದೆ. ಮುಂದೆಂದಾದರೂ ಎಲ್ಲವನ್ನೂ ಮುಚ್ಚಬೇಕೆಂದು ಯಾರಿಗಾದರೂ ಅನಿಸಿದರೆ, ಅವರು ಒಬ್ಬೊಬ್ಬರ ಮನೆಬಾಗಿಲಿಗೂ ಹೋಗಿ ಒಪ್ಪಿಗೆ ಕೇಳಬೇಕು.