ಪರನಾಡಿನ ಬಟ್ಟೆ, ನಮ್ಮ ಸೂಜಿ

ಅನ್ನದ ತರುವಾಯ ಮನುಷ್ಯನಿಗೆ ಬೇಕಾದದ್ದು ಅರಿವೆ. ಅನ್ನವು ಒಡಲೊಳಗೆ ಸೇರಿ ಮರೆಯಾಗುತ್ತದೆ; ಅರಿವೆಯಾದರೋ ನಾಲ್ಕು ಜನರ ಕಣ್ಣಿಗೆ ಬಿದ್ದು, ಉಟ್ಟವನು ಎಲ್ಲಿಯವನು, ಯಾವ ಬಳಗದವನು ಎಂಬುದನ್ನು ಅವನು ಬಾಯಿ ತೆರೆಯುವ ಮುನ್ನವೇ ಹೇಳಿಬಿಡುತ್ತದೆ. ಆದುದರಿಂದ ಹುಟ್ಟಿದ ನೆಲವನ್ನು ಬಿಟ್ಟು ಅನ್ಯದೇಶದಲ್ಲಿ ಬಾಳುವವನಿಗೆ ಉಡುಪು ಕೇವಲ ಮೈಮುಚ್ಚುವ ವಸ್ತುವಲ್ಲ, ಅದೊಂದು ಧರ್ಮಪ್ರಶ್ನೆ. ಅಲ್ಲಿಯ ಬಟ್ಟೆಯನ್ನು ತಂದು ತನ್ನ ಕೈಯಾರೆ ಹೊಲಿದು ಉಟ್ಟರೆ ಅವನು ತನ್ನತನವನ್ನು ಕಳೆದುಕೊಂಡನೇ? ಉಡದೆ ಹೋದರೆ ಅನ್ನವಿಟ್ಟ ಆ ನೆಲದ ಋಣವನ್ನು ಮರೆತನೇ? ಶ್ರೀಮಠದ ನೆರಳಿನಲ್ಲಿ ಕಲಿತು ಇಂದು ದೇಶವಿದೇಶಗಳಲ್ಲಿ ನೆಲೆಸಿರುವ ಬಂಧುಗಳು ಈ ವಿಚಾರವನ್ನು ನಮ್ಮೊಡನೆ ಕೊಂಚ ಹೊತ್ತು ಚಿಂತಿಸಬೇಕೆಂದು ಕೋರುತ್ತೇವೆ.

ಕುಂದಾಪುರದ ಉತ್ತರಕ್ಕೆ ತ್ರಾಸಿಯೆಂಬ ಊರಿದೆ. ಅದಕ್ಕೆ ಅಂಟಿಕೊಂಡ ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಸೌಪರ್ಣಿಕಾ ನದಿ, ಇನ್ನೊಂದು ಮಗ್ಗುಲಿಗೆ ಅರಬ್ಬೀ ಸಮುದ್ರ. ಆ ನೀರಿನ ಆಚೆಯ ದಡವೇ ಅರಬಸ್ಥಾನ ಮತ್ತು ಆಫ್ರಿಕಾ. ಹಾಯಿಹಡಗುಗಳ ಕಾಲದಲ್ಲಿ ಈಶಾನ್ಯದ ಗಾಳಿ ಹಡಗನ್ನು ಅತ್ತ ಒಯ್ಯುತ್ತಿತ್ತು, ನೈಋತ್ಯದ ಗಾಳಿ ಇತ್ತ ಮರಳಿ ತರುತ್ತಿತ್ತು. ಹದಿನಾಲ್ಕನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ನಮ್ಮ ಬಾರಕೂರನ್ನೂ ಕಂಡಿದ್ದಾನೆ, ಅದಕ್ಕೂ ಮೊದಲು, 1331ರ ಸುಮಾರಿಗೆ, ಆಫ್ರಿಕದ ಮೊಗದಿಶು, ಮೊಂಬಾಸಾ, ಕಿಲ್ವಾಗಳನ್ನೂ ಕಂಡಿದ್ದಾನೆ. ಮೊಗದಿಶುವಿನಲ್ಲಿ ನೇಯ್ದ ಬಟ್ಟೆ ಈಜಿಪ್ತಿಗೆ ಹೋಗುತ್ತಿತ್ತೆಂದೂ, ತಾನು ಅಲ್ಲಿಗೆ ಹೋದಾಗ ಅಲ್ಲಿಯವರು ತನಗೆ ಆ ನಾಡಿನ ರೀತಿಯ ಉಡುಪನ್ನು ತಂದು ಉಡಿಸಿದರೆಂದೂ ಅವನು ಬರೆದಿದ್ದಾನೆ. ಅತಿಥಿಗೆ ಊಟವಿಡುವಂತೆ ಬಟ್ಟೆ ಕೊಡುವುದೂ ಆದರವೇ. ಕೊಟ್ಟದ್ದನ್ನು ಸ್ವೀಕರಿಸುವುದು ಅತಿಥಿಯ ಧರ್ಮವಲ್ಲವೇ?

ಆದರೆ ಇಂದು ಪೂರ್ವ ಆಫ್ರಿಕದಲ್ಲಿರುವ ನಮ್ಮವರಿಗೆ ಬಟ್ಟೆಯನ್ನು ಯಾರೂ ತಂದು ಕೊಡುವುದಿಲ್ಲ. ಅವರೇ ಅಂಗಡಿಗೆ ಹೋಗಿ ಕೊಳ್ಳಬೇಕು. ತ್ರಾಸಿಯ ಮನೆಯೊಂದರ ಮಗಳು ಗಂಡನ ಉದ್ಯೋಗದ ನಿಮಿತ್ತ ದಾರ್ ಎಸ್ ಸಲಾಮಿನಲ್ಲಿ ಮನೆ ಮಾಡಿದ್ದಾಳೆಂದು ಇಟ್ಟುಕೊಳ್ಳೋಣ. ಹೊಲಿಗೆಯಂತ್ರ ಅವಳ ಬಳಿ ಇದೆ, ಹೊಲಿಗೆ ಅವಳಿಗೆ ತಾಯಿಯಿಂದ ಬಂದ ವಿದ್ಯೆ. ಮಾರುಕಟ್ಟೆಯಲ್ಲಿ ಕಣ್ಸೆಳೆಯುವ ಕಾಂಗಾ, ಕಿಟೆಂಗೆ ಬಟ್ಟೆಗಳು ಸಾಲಾಗಿ ತೂಗುತ್ತಿವೆ. ಮಗಳಿಗೆ ಒಂದು ಲಂಗ ಹೊಲಿಯೋಣವೆಂದು ಅವಳು ಒಂದು ಜೋಡಿ ಕಾಂಗಾ ತರುತ್ತಾಳೆ. ಕತ್ತರಿ ಹಿಡಿಯುವ ಮೊದಲು ಅವಳು ತಿಳಿಯಬೇಕಾದ ಸಂಗತಿಯೊಂದಿದೆ. ಕಾಂಗಾಕ್ಕೆ ಸುತ್ತಲೂ ಅಂಚು, ನಡುವೆ ಚಿತ್ತಾರ, ಚಿತ್ತಾರದ ಕೆಳಗೆ ಸ್ವಾಹಿಲಿ ಭಾಷೆಯ ಒಂದು ಮಾತು ಇರುತ್ತದೆ. ಆ ಮಾತು ಗಾದೆಯಾಗಿರಬಹುದು, ಹರಕೆಯಾಗಿರಬಹುದು, ನೆರೆಯವಳಿಗೆ ನೇರವಾಗಿ ಹೇಳಲಾಗದ ಚುಚ್ಚುನುಡಿಯೂ ಆಗಿರಬಹುದು. ಅಲ್ಲಿಯ ಹೆಂಗಸರು ಬಣ್ಣದಷ್ಟೇ ಆ ಮಾತನ್ನೂ ನೋಡಿ ಕಾಂಗಾ ಆರಿಸುತ್ತಾರೆ. ಕಾಂಗಾ ಉಡುಗೊರೆ ಕೊಡುವುದೆಂದರೆ ಒಂದು ಮಾತು ಹೇಳಿದಂತೆ. ಅಕ್ಷರ ತಿಳಿಯದೆ ನಟ್ಟನಡುವೆ ಕತ್ತರಿಯಾಡಿಸಿದರೆ ಬಟ್ಟೆಯೊಡನೆ ಯಾರದೋ ಮಾತೂ ತುಂಡಾಗುತ್ತದೆ. ಹಾಗಾದರೆ ಅದನ್ನು ಮುಟ್ಟಲೇ ಬಾರದೇ?

ಇಲ್ಲಿ ಎರಡು ಸುಲಭದ ಉತ್ತರಗಳಿವೆ. ಒಂದು: ನಮ್ಮದು ನಮಗಿರಲಿ, ಅವರದು ಅವರಿಗಿರಲಿ ಎಂಬುದು. ಇದು ಮರ್ಯಾದೆಯ ಮಾತಿನಂತೆ ಕಂಡರೂ ಇದರೊಳಗೆ ಒಂದು ಗೋಡೆ ಅಡಗಿದೆ. 1972ರಲ್ಲಿ ಉಗಾಂಡದ ಇದಿ ಅಮೀನ್ ಅಲ್ಲಿಯ ಏಷ್ಯನ್ನರಿಗೆ ತೊಂಬತ್ತು ದಿನಗಳ ಗಡುವಿತ್ತು ದೇಶದಿಂದ ಹೊರಗಟ್ಟಿದನು. ಆ ಕ್ರೌರ್ಯಕ್ಕೆ ಯಾವ ಸಮರ್ಥನೆಯೂ ಇಲ್ಲ. ಆದರೂ ನಮ್ಮವರು ಅಲ್ಲಿಯ ಜನರೊಡನೆ ವ್ಯಾಪಾರ ಮಾಡಿದರೇ ಹೊರತು ಬದುಕನ್ನು ಹಂಚಿಕೊಳ್ಳಲಿಲ್ಲವೆಂಬ ದೂರು ಅಂದು ಕೇಳಿಬಂದುದನ್ನು ವಿಚಾರವಂತರು ಮರೆಯಲಾಗದು. ಎರಡನೆಯ ಉತ್ತರ: ದೇಶಕ್ಕೆ ತಕ್ಕ ವೇಷ ಎಂಬುದು. ಹಣ ಕೊಟ್ಟ ಮೇಲೆ ಬಟ್ಟೆ ನನ್ನದು, ಹೇಗೆ ಬೇಕಾದರೂ ಕತ್ತರಿಸುವೆನೆಂದು ಇದು ಹೇಳುತ್ತದೆ. ಮೊದಲನೆಯದರಲ್ಲಿ ಮನಸ್ಸು ಹತ್ತಿರ ಹೋಗುವುದಿಲ್ಲ. ಎರಡನೆಯದರಲ್ಲಿ ಕೈ ಹೋಗುತ್ತದೆ, ಮನಸ್ಸು ಹೋಗುವುದಿಲ್ಲ.

ನಿಜವನ್ನು ಅರಸುವವನು ಆ ಬಟ್ಟೆಯ ಹುಟ್ಟನ್ನೇ ಕೇಳಬೇಕು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸ್ವಾಹಿಲಿ ಕರಾವಳಿಯ ಹೆಂಗಸರು ಹೊರನಾಡಿನಿಂದ ಬರುತ್ತಿದ್ದ ಅಚ್ಚಿನ ಕರವಸ್ತ್ರಗಳನ್ನು ಮೂರು ಮೂರರಂತೆ ಎರಡು ಸಾಲು ಜೋಡಿಸಿ ಹೊಲಿದು ಉಡತೊಡಗಿದರು. ಕರವಸ್ತ್ರಕ್ಕೆ ಅಲ್ಲಿ ಲೇಸೋ ಎಂದು ಹೆಸರು. ಅದು ಪೋರ್ಚುಗೀಸ್ ಮಾತಿನಿಂದ ಬಂದದ್ದು. ಹಾಗೆ ಹೊಲಿದದ್ದೇ ಮುಂದೆ ಕಾಂಗಾ ಆಯಿತು. ಕಿಟೆಂಗೆಯ ಮೇಣದ ಅಚ್ಚಾದರೋ ಜಾವಾದ ಬಾಟಿಕ್ಕನ್ನು ಡಚ್ಚರು ಅನುಕರಿಸಿ ಯಂತ್ರದಲ್ಲಿ ಮುದ್ರಿಸಿದ್ದು; ಆಫ್ರಿಕದ ಜನ ಅದಕ್ಕೆ ತಮ್ಮ ಹೆಸರು, ತಮ್ಮ ಅರ್ಥ ಕೊಟ್ಟು ತಮ್ಮದಾಗಿಸಿಕೊಂಡರು. ನಮ್ಮ ಕರಾವಳಿಯ ಕಥೆಯೂ ಬೇರೆಯಲ್ಲ. 1851ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೇಯ್ಗೆಯ ಕಾರ್ಖಾನೆ ತೆರೆದು ಯೂರೋಪಿನ ರೀತಿಯ ಮಗ್ಗವನ್ನು ತಂದರು. ಆ ವಿದ್ಯೆ ಊರೂರಿಗೆ ಹಬ್ಬಿತು; ಇಂದು ಉಡುಪಿ ಸೀರೆಯನ್ನು ಪರಕೀಯವೆನ್ನುವವರು ಯಾರು? ಇದರಿಂದ ತಿಳಿಯಬೇಕಾದುದು ಇಷ್ಟು: ಯಾವ ಬಟ್ಟೆಯೂ ಹುಟ್ಟಿನಿಂದಲೇ ಒಂದು ನೆಲದ್ದಲ್ಲ. ದುಡಿದ ಕೈ ಮತ್ತು ಅರಿತ ಮನಸ್ಸು ಎರಡೂ ಕೂಡಿದಾಗ ಅದು ಆ ನೆಲದ್ದಾಗುತ್ತದೆ.

ಆದುದರಿಂದ ಮೂರನೆಯ ದಾರಿ ಹೊಲಿಗೆಯಲ್ಲಿಯೇ ಇದೆ. ಶರಣಗಣದಲ್ಲಿ ನೇಯುವ ದಾಸಿಮಯ್ಯನಿದ್ದ, ನೂಲುವ ಕದಿರ ರೆಮ್ಮವ್ವೆಯಿದ್ದಳು, ಸೂಜಿಯನ್ನೇ ಕಾಯಕವಾಗಿಸಿಕೊಂಡ ರಾಮಿತಂದೆಯಿದ್ದ. ಸೂಜಿಯ ಗುಣವನ್ನು ವಿಚಾರಿಸಿ ನೋಡಿರಿ. ಕತ್ತರಿ ಬೇರೆ ಮಾಡುತ್ತದೆ, ಸೂಜಿ ಕೂಡಿಸುತ್ತದೆ. ಕೂಡಿಸಬೇಕಾದರೆ ಅದು ಎರಡೂ ತುಂಡುಗಳೊಳಗೆ ಹಾಯಬೇಕು. ಒಂದನ್ನು ಬಿಟ್ಟು ಇನ್ನೊಂದರಲ್ಲಿ ಮಾತ್ರ ಹಾದ ಎಳೆ ಏನನ್ನೂ ಹಿಡಿಯದು. ಪರದೇಶವಾಸಿಯೂ ಹಾಗೆಯೇ. ಆ ತ್ರಾಸಿಯ ಮಗಳು ನೆರೆಯವಳನ್ನು ಕೇಳಿ ಬಟ್ಟೆಯ ಮೇಲಿನ ಮಾತನ್ನು ಓದಿಸಿಕೊಂಡು, ಅದು ತುಂಡಾಗದಂತೆ ಅಂಚನ್ನು ಲಂಗದ ಕೆಳಗೆ ಸುತ್ತ ಬರಿಸಿ ಹೊಲಿದರೆ, ಅಲ್ಲಿ ಹೊಲಿದದ್ದು ಲಂಗ ಮಾತ್ರವಲ್ಲ, ಎರಡು ಮನೆಗಳ ನಡುವಿನ ನಂಟು. ಮಗಳು ಅದನ್ನುಟ್ಟು ಹೊರಟಾಗ ದಾರಿಯಲ್ಲಿ ಓದಿ ನಗುವವರಿರುತ್ತಾರೆ. ಆ ನಗೆಯಲ್ಲಿ ಅಪಹಾಸ್ಯವಿರುವುದಿಲ್ಲ.

ಇಷ್ಟಕ್ಕೆ ನಮ್ಮ ವಿಚಾರ ಮುಗಿಯಲಿಲ್ಲ. ಆಫ್ರಿಕದಲ್ಲಿ ನಾವು ಹೇಗಿರಬೇಕೆಂದು ಕೇಳುವ ಮೊದಲು ಆಫ್ರಿಕದಿಂದ ಬಂದವರು ನಮ್ಮಲ್ಲಿ ಹೇಗಿದ್ದಾರೆಂದು ಕೇಳಬೇಡವೇ? ತ್ರಾಸಿಯಿಂದ ಉತ್ತರಕ್ಕೆ ಘಟ್ಟವೇರಿದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡುಗಳ ಸೆರಗಿನಲ್ಲಿ ಸಿದ್ದಿ ಜನರಿದ್ದಾರೆ. ಅವರ ಹಿರಿಯರು ಉದ್ಯೋಗವನ್ನು ಅರಸಿ ಬಂದವರಲ್ಲ. ಬಹುಮಂದಿಯನ್ನು ಪೋರ್ಚುಗೀಸರು ಗುಲಾಮರಾಗಿ ಗೋವೆಗೆ ತಂದರು, ತಪ್ಪಿಸಿಕೊಂಡವರು ಕಾಡು ಸೇರಿದರು. ಅವರ ಕೈಯಲ್ಲಿ ತಮ್ಮ ನಾಡಿನ ಒಂದು ಚಿಂದಿಯೂ ಉಳಿದಿರಲಾರದು. ಆದರೂ ಸಿದ್ದಿ ಹೆಂಗಸರು ಇಲ್ಲಿಯ ಹಳೆಯ ಸೀರೆ, ಅಂಗಿ, ಲಂಗಗಳ ತುಂಡುಗಳಿಂದಲೇ ಕೌದಿ ಹೊಲಿಯುತ್ತಾರೆ. ಅಂಚಿನಿಂದ ತೊಡಗಿ ಸುತ್ತುತ್ತ ಸುತ್ತುತ್ತ ಒಳಕ್ಕೆ ಬಂದು ನಡುವಿನಲ್ಲಿ ಮುಗಿಸುವುದು ಅವರ ಕ್ರಮ. ನಾಲ್ಕು ಮೂಲೆಗಳಿಗೂ ಮಡಿಸಿದ ಚಿಕ್ಕ ಬಟ್ಟೆಯ ಹೂವನ್ನು ಇಡುತ್ತಾರೆ. ಹೂವಿಲ್ಲದ ಕೌದಿ ಅವರ ಕಣ್ಣಿಗೆ ಬೆತ್ತಲೆಯಂತೆ. ಹಿಂದು, ಮುಸಲ್ಮಾನ, ಕ್ರೈಸ್ತ ಎಂಬ ಮೂರು ಮತಗಳಲ್ಲಿ ಹಂಚಿಹೋಗಿದ್ದರೂ ಈ ಹೊಲಿಗೆ ಅವರನ್ನು ಒಂದಾಗಿ ಹಿಡಿದಿದೆ. ನಾವು ಬಿಸುಟದ್ದರಿಂದ ಅವರು ಮಕ್ಕಳಿಗೆ ಬೆಚ್ಚನೆಯ ಹೊದಿಕೆ ಮಾಡಿದರು. ಇಂದು ಈ ಕೌದಿಗಳನ್ನು ಹೊರದೇಶಗಳ ವಿದ್ವಾಂಸರು ಕಲೆಯೆಂದು ಗೌರವಿಸುತ್ತಾರೆ. ಶತಮಾನಗಳ ಕಾಲ ನೆರೆಯಲ್ಲಿದ್ದ ನಾವು ಮಾತ್ರ ಅವರನ್ನು ಹೊರಗಿನವರೆಂದೇ ನೋಡುತ್ತ ಬಂದೆವು. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ.

ನೈರೋಬಿಯಲ್ಲಿ ನಮ್ಮ ಮಗುವನ್ನು ಯಾರಾದರೂ ಪರಕೀಯವೆಂದು ಮೂದಲಿಸಿದರೆ ನಮ್ಮ ಕರುಳು ಕುದಿಯುತ್ತದೆ. ಹುಬ್ಬಳ್ಳಿಯ ಬಸ್ ನಿಲ್ದಾಣದಲ್ಲಿ ಅಚ್ಚಗನ್ನಡ ಮಾತನಾಡುವ ಸಿದ್ದಿ ಹುಡುಗನನ್ನು, ನೀನು ಯಾವ ದೇಶದವನೆಂದು ಕೇಳುವಾಗ ಆ ಕರುಳು ಎಲ್ಲಿರುತ್ತದೆ? ಅಲ್ಲಿ ಬೇಡುವ ಗೌರವವನ್ನು ಇಲ್ಲಿ ಕೊಡದವನಿಗೆ ಬೇಡುವ ಅಧಿಕಾರವೆಲ್ಲಿಯದು?

ಆದಕಾರಣ ಹೊರನಾಡಿನಲ್ಲಿರುವ ಬಂಧುಗಳಲ್ಲಿ ನಮ್ಮ ಬಿನ್ನಹವಿಷ್ಟು. ಅಲ್ಲಿಯ ಬಟ್ಟೆಯನ್ನು ಸಂಕೋಚವಿಲ್ಲದೆ ಕೊಳ್ಳಿರಿ, ಹೊಲಿಯಿರಿ, ಮಕ್ಕಳಿಗೆ ಉಡಿಸಿರಿ. ಆದರೆ ಅದರ ಹೆಸರನ್ನೂ ಅದರ ಮಾತನ್ನೂ ಮೊದಲು ಕಲಿಯಿರಿ. ಹೊಲಿದು ಮಾರುವುದಾದರೆ ಯಾರ ಕೈಯಿಂದ ಕಲಿತಿರೋ ಅವರ ಹೆಸರನ್ನು ಮುಚ್ಚಿಡಬೇಡಿರಿ. ಅಲ್ಲಿಯ ದರ್ಜಿಯನ್ನು ದುಡಿಸಿಕೊಂಡರೆ ಅವನ ಬೆವರಿಗೆ ತಕ್ಕ ಬೆಲೆ ಕೊಡಿರಿ. ಅನ್ಯರ ದುಡಿಮೆಯನ್ನು ಅಗ್ಗಕ್ಕೆ ಕೊಂಡದ್ದು ಎಷ್ಟೇ ಚೆಲುವಾಗಿದ್ದರೂ ಕಾಯಕದ ಲೆಕ್ಕಕ್ಕೆ ಬಾರದು. ನಾಡಿನಲ್ಲಿಯೇ ಇರುವ ನಮಗೂ ಒಂದು ಕೆಲಸವಿದೆ: ಸಿದ್ದಿ ತಾಯಿಯೊಬ್ಬಳ ಕೌದಿಯನ್ನು ಕೊಳ್ಳುವಾಗ ಚೌಕಾಸಿ ಮಾಡದಿರುವುದು, ಅವಳನ್ನು ಅಕ್ಕ ಎಂದು ಕರೆಯುವುದು. ಹೊದ್ದವನಿಗೆ ಚಳಿ ಬಿಡುವುದು ಬಟ್ಟೆಯಿಂದ. ನಾಡಿಗೆ ಚಳಿ ಬಿಡುವುದು ಇಂತಹ ಒಂದು ಮಾತಿನಿಂದ.