ಮನಸ್ಸು ಒಂಟಿಯಾಗಿ ಬೆಳೆಯುವುದಿಲ್ಲ

ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯಲ್ಲಿ ಚಕ್ರವ್ಯೂಹದ ಕೆತ್ತನೆಯೊಂದಿದೆ. ಸುತ್ತಿಕೊಂಡು ಒಳಸಾಗುವ ಗೆರೆಗಳು, ಅವುಗಳ ಸಂದಿಯಲ್ಲಿ ಒತ್ತೊತ್ತಾಗಿ ನಿಂತ ಪುಟ್ಟ ಪುಟ್ಟ ಯೋಧರು. ನೋಡಿದವರ ಬಾಯಿಗೆ ಬರುವ ಕಥೆ ಒಂದೇ: ಸುಭದ್ರೆಯ ಹೊಟ್ಟೆಯಲ್ಲಿದ್ದಾಗಲೇ ಅಭಿಮನ್ಯು ವ್ಯೂಹ ಹೊಗುವ ಬಗೆ ಕೇಳಿಸಿಕೊಂಡ, ಅಷ್ಟರಲ್ಲಿ ತಾಯಿಗೆ ನಿದ್ದೆ ಬಂತು, ಹೊರಬರುವ ದಾರಿ ತಿಳಿಯದೇ ಹೋಯಿತು. ವ್ಯಾಸಭಾರತದ ದ್ರೋಣಪರ್ವದಲ್ಲಿ ಗರ್ಭದ ಮಾತಿಲ್ಲ; ತಂದೆ ಒಳಹೋಗುವುದನ್ನಷ್ಟೇ ಕಲಿಸಿದ್ದಾನೆ ಎಂದು ಅಭಿಮನ್ಯು ಹೇಳುತ್ತಾನೆ. ಹೊಟ್ಟೆಯೊಳಗಿನ ಪಾಠವನ್ನು ಸೇರಿಸಿಕೊಂಡದ್ದು ಆಮೇಲಿನ ಜನ. ಮನಸ್ಸು ಶುರುವಾಗುವುದು ಯಾವಾಗ ಎಂಬ ಪ್ರಶ್ನೆ ಅವರನ್ನು ಕಾಡಿರಬೇಕು.

ಸುಶ್ರುತ ಸಂಹಿತೆ ಅದಕ್ಕೆ ನೇರ ಉತ್ತರ ಕೊಡುತ್ತದೆ. ನಾಲ್ಕನೆಯ ತಿಂಗಳಲ್ಲಿ ಹೃದಯವೂ ಚೇತನವೂ ವ್ಯಕ್ತವಾಗುತ್ತವೆ, ಐದರಲ್ಲಿ ಮನಸ್ಸು ಇನ್ನಷ್ಟು ಎಚ್ಚರಗೊಳ್ಳುತ್ತದೆ, ಆರರಲ್ಲಿ ಬುದ್ಧಿ. ಬಸುರಿ ಆಗ ಎರಡು ಹೃದಯದವಳು. ಅವಳ ಬಯಕೆ ತೀರಿಸಬೇಕು ಎನ್ನುತ್ತದೆ ಆ ಗ್ರಂಥ. ನಮ್ಮ ಮನೆಗಳ ಬಯಕೆ ಊಟದ ಹಿಂದಿರುವುದೂ ಇಂಥದೇ ನಂಬಿಕೆ.

ಪ್ರಯೋಗಾಲಯದ ಉತ್ತರ ಬಂದದ್ದು ಬಹಳ ತಡವಾಗಿ. 1980ರಲ್ಲಿ ಅಮೆರಿಕದ ಆಂಥೊನಿ ಡಿಕ್ಯಾಸ್ಪರ್ ಮತ್ತು ವಿಲಿಯಂ ಫೈಫರ್ ಹಸುಗೂಸುಗಳ ಬಾಯಿಗೆ ಚೀಪುವ ನಿಪ್ಪಲ್ ಕೊಟ್ಟು, ಕಿವಿಗೆ ಧ್ವನಿ ಕೇಳಿಸಿದರು. ಹೇಗೆ ಚೀಪಿದರೆ ಅಮ್ಮನ ಧ್ವನಿ ಬರುತ್ತದೋ ಹಾಗೆ ಆ ಕೂಸುಗಳು ಚೀಪುವ ಲಯವನ್ನೇ ಬದಲಿಸಿಕೊಂಡವು. ಆರು ವರ್ಷದ ಮೇಲೆ ಡಿಕ್ಯಾಸ್ಪರ್ ಮತ್ತು ಮೆಲಾನಿ ಸ್ಪೆನ್ಸ್, ಬಸುರಿನ ಕೊನೆಯ ಆರು ವಾರ ತಾಯಿ ಗಟ್ಟಿಯಾಗಿ ಓದಿದ ಕಥೆಯನ್ನೂ ಕೂಸು ಗುರುತಿಸುತ್ತದೆ ಎಂದು ತೋರಿಸಿದರು. ಗುರುತಿಸಿದ್ದು ಮಾತಿನ ಏರಿಳಿತವನ್ನು, ಅರ್ಥವನ್ನಲ್ಲ. ಹೊಟ್ಟೆಯಲ್ಲೇ ಮಗುವನ್ನು ಮೇಧಾವಿ ಮಾಡಿಕೊಡುತ್ತೇವೆ ಎಂದು ದುಡ್ಡು ಕೇಳುವವರಿಗೆ ಇಲ್ಲಿ ಯಾವ ಆಧಾರವೂ ಸಿಗುವುದಿಲ್ಲ. ಇನ್ನೊಂದು ಜೀವದ ಜೊತೆಗೇ ಮನಸ್ಸು ಶುರುವಾಗುತ್ತದೆ ಎಂಬುದಕ್ಕೆ ಮಾತ್ರ ಬೇಕಾದಷ್ಟು ಆಧಾರವಿದೆ.

ಈ ‘ಜೊತೆ’ಯನ್ನು ಇಡೀ ಬದುಕಿಗೆ ಹಿಗ್ಗಿಸಿ ನೋಡಿದವನು ಮನೋವಿಶ್ಲೇಷಕ ಎರಿಕ್ ಎರಿಕ್‌ಸನ್. 1950ರ ತನ್ನ ಪುಸ್ತಕದಲ್ಲಿ ಆತ ಬದುಕನ್ನು ಎಂಟು ಘಟ್ಟಗಳಾಗಿ ಕಂಡ. ಒಂದೊಂದು ಘಟ್ಟಕ್ಕೂ ಒಂದೊಂದು ತಿಕ್ಕಾಟ. ಮೊದಲ ವರ್ಷದಲ್ಲಿ, ಈ ಲೋಕವನ್ನು ನಂಬಬಹುದೇ? ಹದಿಹರೆಯದಲ್ಲಿ, ನಾನು ಯಾರು? ನಡುವಯಸ್ಸಿನಲ್ಲಿ, ನನ್ನ ನಂತರದವರಿಗೆ ಏನು ಮಾಡಿದೆ? ಮುಪ್ಪಿನಲ್ಲಿ, ಬದುಕಿದ್ದು ಸಾರ್ಥಕವೇ? ಇದನ್ನು ಪರೀಕ್ಷೆ ಪಾಸು ಮಾಡುತ್ತಾ ಹತ್ತುವ ತರಗತಿಗಳಂತೆ ಓದುವವರೇ ಹೆಚ್ಚು. ಆತ ಒತ್ತಿ ಹೇಳಿದ್ದು ಬೇರೆ: ಕೂಸಿನ ನಂಬಿಕೆ ಬೆಳೆಯಬೇಕಾದರೆ ದೊಡ್ಡವರೊಬ್ಬರು ತಮ್ಮ ಘಟ್ಟದ ಕೆಲಸ ಮಾಡುತ್ತಿರಬೇಕು. ತಲೆಮಾರುಗಳು ಯಂತ್ರದ ಹಲ್ಲುಗಾಲಿಗಳಂತೆ ಒಂದಕ್ಕೊಂದು ಹಲ್ಲು ಕಚ್ಚಿಕೊಂಡೇ ತಿರುಗುತ್ತವೆ. ಭಾರತದ ಮನೋವಿಶ್ಲೇಷಕ ಸುಧೀರ್ ಕಾಕರ್ 1968ರಲ್ಲಿ ಈ ಘಟ್ಟಗಳನ್ನು ನಮ್ಮ ನಾಲ್ಕು ಆಶ್ರಮಗಳ ಪಕ್ಕದಲ್ಲಿಟ್ಟು ಚರ್ಚಿಸಿದರು. ಆಶ್ರಮಗಳ ಲೆಕ್ಕ ಬ್ರಹ್ಮಚರ್ಯದಿಂದ ಶುರು; ಅದಕ್ಕೂ ಹಿಂದಿನ ಕಾಲವನ್ನು ಸೀಮಂತ, ನಾಮಕರಣ, ಅನ್ನಪ್ರಾಶನದಂಥ ಸಂಸ್ಕಾರಗಳು ನೋಡಿಕೊಳ್ಳುತ್ತವೆ.

ಹಲ್ಲು ಕಚ್ಚುವ ಈ ಕ್ರಮವನ್ನು ಹಳೇಬೀಡಿನಲ್ಲೇ ಕಾಣಬಹುದು. ಹೊಯ್ಸಳೇಶ್ವರದಿಂದ ತುಸು ದೂರದ ಬಸ್ತಿಹಳ್ಳಿಯಲ್ಲಿ ಪಾರ್ಶ್ವನಾಥ ಬಸದಿಯಿದೆ. ಹೊಯ್ಸಳ ದೊರೆ ವಿಷ್ಣುವರ್ಧನನ ದಂಡನಾಯಕ, ಚೋಳರಿಂದ ತಲಕಾಡನ್ನು ಗೆದ್ದ ಗಂಗರಾಜ ತೀರಿಕೊಂಡಾಗ ಮಗ ಬೊಪ್ಪ ಅವನ ನೆನಪಿಗೆ 1133ರಲ್ಲಿ ಇದನ್ನು ಕಟ್ಟಿಸಿದ. ಪ್ರತಿಷ್ಠೆಯ ಪ್ರಸಾದ ಬಂಕಾಪುರದಲ್ಲಿದ್ದ ದೊರೆಗೆ ತಲುಪಿದ ಹೊತ್ತಿಗೆ ಅವನು ಯುದ್ಧ ಗೆದ್ದಿದ್ದ, ಮಗನೂ ಹುಟ್ಟಿದ್ದ ಎನ್ನುತ್ತದೆ ಶಾಸನ. ದೊರೆ ದೇವರಿಗೆ ವಿಜಯಪಾರ್ಶ್ವ ಎಂದೂ ಕೂಸಿಗೆ ವಿಜಯನರಸಿಂಹ ಎಂದೂ ಹೆಸರಿಟ್ಟ. ತಂದೆಯನ್ನು ಕಳೆದುಕೊಂಡ ಮಗನೊಬ್ಬನ ದುಃಖ ಗುಡಿಯಾಯಿತು, ಆ ಗುಡಿಯ ಪ್ರಸಾದ ಇನ್ನೊಬ್ಬ ತಂದೆಯ ಸಂತೋಷಕ್ಕೆ ಸೇರಿತು. ಕೂಸಿಗೆ ಕಣ್ಣು ನಿಲ್ಲುವ ಮುನ್ನವೇ ದೊಡ್ಡವರ ನೆನಪು, ನಿರೀಕ್ಷೆ ಎರಡೂ ಅದರ ಹೆಸರಿಗೆ ಅಂಟಿಕೊಂಡಿದ್ದವು.

ಆದರೆ ಹಲ್ಲುಗಳು ಬಿಡಿಸಲಾಗದಷ್ಟು ಬಿಗಿಯಾಗಿ ಕಚ್ಚಿಕೊಳ್ಳುವುದೂ ಉಂಟು. ಹೊಯ್ಸಳೇಶ್ವರದ ಆವರಣದಲ್ಲಿರುವ ಗರುಡಗಂಬದ ಮೇಲೆ ಕತ್ತಿಯಿಂದ ತಮ್ಮ ತಲೆಯನ್ನೇ ಕತ್ತರಿಸಿಕೊಳ್ಳುವ ವೀರರ ಶಿಲ್ಪಗಳಿವೆ. ಹೊಯ್ಸಳ ದೊರೆ ಇಮ್ಮಡಿ ಬಲ್ಲಾಳ ಮಗನಂತೆ ಸಾಕಿದ್ದ ಕುವರ ಲಕ್ಷ್ಮ, ದೊರೆ 1220ರಲ್ಲಿ ಸತ್ತಾಗ ಹೆಂಡತಿ ಸುಗ್ಗಲದೇವಿ ಮತ್ತು ಒಡೆಯನ ಜೊತೆಗೇ ಸಾಯುವ ಶಪಥ ತೊಟ್ಟ ಗರುಡರ ಪಡೆಯೊಂದಿಗೆ ಪ್ರಾಣ ಬಿಟ್ಟ. ಅಂದಿನವರಿಗೆ ಅದು ಪರಮ ಗೌರವ. ಅದನ್ನು ಕಾಯಿಲೆ ಎಂದು ಕರೆಯುವುದು ಅನ್ಯಾಯ. ಹರೆಯದ ದೊಡ್ಡ ಶಕ್ತಿ ನಿಷ್ಠೆ ಎಂದು ಎರಿಕ್‌ಸನ್ ಕೂಡ ಹೇಳಿದ್ದ. ಆದರೂ ‘ನಾನು ಯಾರು’ ಎಂಬುದಕ್ಕೆ ಒಡೆಯನ ಹೆಸರೊಂದೇ ಉತ್ತರವಾದಾಗ ಮುಂದಿನ ಘಟ್ಟಗಳು ಬರುವುದೇ ಇಲ್ಲ. ಲಕ್ಷ್ಮನಿಗೆ ಮುಪ್ಪು ಸಿಗಲಿಲ್ಲ.

ಮುಪ್ಪಿನ ಬಗ್ಗೆ ಎರಿಕ್‌ಸನ್ ಬರೆದದ್ದು ಸಾಲದು ಅನ್ನಿಸಿದ್ದು ಅವನ ಹೆಂಡತಿ ಜೋನ್‌ಗೆ. ತಾನೇ ತೊಂಬತ್ತು ದಾಟಿದ್ದ ಆಕೆ 1997ರಲ್ಲಿ ಒಂಬತ್ತನೆಯ ಘಟ್ಟವೊಂದನ್ನು ಸೇರಿಸಿದಳು. ಆ ವಯಸ್ಸಿನಲ್ಲಿ ಕಾಲು, ಕಣ್ಣು, ನೆನಪು ಯಾವುದನ್ನೂ ನೆಚ್ಚಲಾಗದು. ಕೂಸಿಗೆ ಎದುರಾಗಿದ್ದ ನಂಬಿಕೆಯ ಪ್ರಶ್ನೆ ಮತ್ತೆ ಎದುರಾಗುತ್ತದೆ.

ಹುಟ್ಟನ್ನೂ ಮುಪ್ಪನ್ನೂ ಒಟ್ಟಿಗೆ ನೋಡುವ ಕೆಲಸ ಮೈಸೂರಿನಲ್ಲಿ ನಡೆದಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಮಿಷನ್ ಆಸ್ಪತ್ರೆಯಲ್ಲಿ 1934ರಿಂದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆ ಬರೆದಿಟ್ಟಿದ್ದರು. ಆ ಕಡತಗಳನ್ನು ಹಿಡಿದು ಸಂಶೋಧಕರು 1934–66ರ ನಡುವೆ ಹುಟ್ಟಿದವರನ್ನು ಹುಡುಕಿ, ವಯಸ್ಸಾದ ಮೇಲೆ ಅವರ ನೆನಪಿನ ಶಕ್ತಿಯನ್ನೂ ಖಿನ್ನತೆಯನ್ನೂ ಪರೀಕ್ಷಿಸಿದರು. ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಬಸುರಿಯರ ಇನ್ನೊಂದು ಅಧ್ಯಯನ ಶುರುವಾಯಿತು. ಬಸುರಿನಲ್ಲಿ ತಾಯಿಯ ರಕ್ತದಲ್ಲಿ ಫೋಲೇಟ್ ಎಂಬ ಜೀವಸತ್ವ ಹೆಚ್ಚಿದ್ದ ಮಕ್ಕಳು ಒಂಬತ್ತು–ಹತ್ತರ ವಯಸ್ಸಿನಲ್ಲಿ ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಹೆಚ್ಚು ಅಂಕ ಪಡೆದದ್ದು ಕಂಡುಬಂತು. ಫೋಲೇಟೇ ಕಾರಣವೆಂದು ಇಷ್ಟರಿಂದಲೇ ಹೇಳಲಾಗದು. ಆ ಮಕ್ಕಳು ಈಗ ತಾವೇ ತಂದೆತಾಯಿಯಾಗುವ ವಯಸ್ಸಿಗೆ ಬಂದಿದ್ದಾರೆ.