ನೀರು ನೋಡಿ ಬಹುಮಾನ

ಒಬ್ಬ ಮನುಷ್ಯನಲ್ಲಿ ಎಷ್ಟು ಕಸುವಿದೆ ಎಂದು ಇನ್ನೊಬ್ಬ ಮನುಷ್ಯ ಹೇಳಬಹುದೇ? ಹೇಳಬಹುದಾದರೆ ಯಾವ ಕೋಲಿನಿಂದ ಅಳೆದು ಹೇಳಬೇಕು? ಕೇಳಲು ದೊಡ್ಡ ವೇದಾಂತದ ಪ್ರಶ್ನೆಯಂತೆ ಕಾಣುತ್ತದೆ. ಆದರೆ ನಮ್ಮ ಮಾಣಿಯ ಪೇಟೆಯಲ್ಲಿ ಚಳಿಗಾಲದ ಪ್ರತಿ ಸೋಮವಾರ ಬೆಳಗ್ಗೆ ಚರ್ಚೆಯಾಗುವುದು ಇದೇ. ಮಂಗಳೂರಿನಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿಯಿಂದ ಪುತ್ತೂರು, ಮಡಿಕೇರಿ, ಮೈಸೂರಿನ ದಾರಿ ಕವಲೊಡೆಯುವುದು ಇಲ್ಲಿ. ಹಾಗಾಗಿ ಎಲ್ಲ ಊರಿನ ಕಂಬಳದ ಸುದ್ದಿಯೂ ಇಲ್ಲಿ ಒಮ್ಮೆ ಇಳಿದು ಚಾ ಕುಡಿದೇ ಮುಂದೆ ಹೋಗುತ್ತದೆ. ಯಾರ ಕೋಣ ಗೆದ್ದಿತು, ಓಡಿಸಿದವರು ಯಾರು, ಅವನ ಬದಲು ಇವನನ್ನು ಇಳಿಸಿದ್ದರೆ ಏನಾಗುತ್ತಿತ್ತು! ಜೀವಮಾನದಲ್ಲಿ ಕೆಸರಿಗೆ ಕಾಲಿಡದವರ ತೀರ್ಪು ಎಲ್ಲರಿಗಿಂತ ಗಟ್ಟಿ.

ಕಂಬಳ ಗಂಡಸರ ಆಟ, ನಮಗೇನು ಅದರಲ್ಲಿ ಎನ್ನಬೇಡಿ. ಅಳೆಯಿಸಿಕೊಳ್ಳುವ ಕಷ್ಟ ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಹುಡುಗಿ ಎಷ್ಟು ಎತ್ತರ, ಬಣ್ಣ ಹೇಗೆ, ಎಷ್ಟು ಓದಿದ್ದಾಳೆ, ಹಾಡಲು ಬರುತ್ತದೆಯೇ ಎಂದು ಒಂದು ತಟ್ಟೆ ಉಪ್ಪಿಟ್ಟು ಮುಗಿಯುವುದರೊಳಗೆ ತೂಗಿ ನೋಡಿ ಎದ್ದು ಹೋದವರನ್ನು ನಾವೆಲ್ಲ ಕಂಡವರೇ. ಅವರು ಕೇಳಿದ್ದು ಸುಳ್ಳಲ್ಲ. ಆದರೆ ಆಕೆ ಮನೆಗೆ ಕಷ್ಟ ಬಂದ ದಿನ ಹೇಗೆ ನಿಲ್ಲುತ್ತಾಳೆ ಎಂಬುದು ಆ ಪ್ರಶ್ನೆಗಳಲ್ಲಿ ಇರಲಿಲ್ಲ. ಸುಲಭವಾಗಿ ಅಳೆಯಬಹುದಾದದ್ದನ್ನು ಅಳೆದು, ಅಳೆಯಲಾಗದ್ದು ಇಲ್ಲವೇ ಇಲ್ಲ ಎಂದುಕೊಳ್ಳುವುದು ಮನುಷ್ಯನ ಹಳೆಯ ಚಾಳಿ.

ಅಮೆರಿಕದಲ್ಲಿರುವ ನನ್ನ ತಂಗಿಯ ಮಗನಿಗೆ ಅಲ್ಲಿನ ಫುಟ್‌ಬಾಲಿನ ಹುಚ್ಚು. ಅದು ನಮ್ಮ ಫುಟ್‌ಬಾಲ್ ಅಲ್ಲ. ಮೊಟ್ಟೆಯಂಥ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಎಸೆಯುವ ಆಟ. ತಂಡವನ್ನು ನಡೆಸುವವನಿಗೆ ಕ್ವಾರ್ಟರ್‌ಬ್ಯಾಕ್ ಎಂದು ಹೆಸರು. ಎದುರಾಳಿಗಳು ಮೈಮೇಲೆ ಬೀಳುವ ಮೊದಲಿನ ಎರಡು ಮೂರು ಸೆಕೆಂಡುಗಳಲ್ಲಿ ಚೆಂಡು ಯಾರಿಗೆ ಎಂದು ಅವನು ತೀರ್ಮಾನಿಸಬೇಕು. ಕಾಲೇಜಿನಿಂದ ಬರುವ ಹುಡುಗರನ್ನು ತಂಡಗಳು ಒಬ್ಬೊಬ್ಬರಾಗಿ ಆರಿಸುವ ಮೊದಲು ಅವರ ಎತ್ತರ, ತೂಕ, ಅಂಗೈಯ ಅಗಲ, 40 ಗಜ ಓಡುವ ಸಮಯ ಎಲ್ಲವನ್ನೂ ಬರೆದಿಡುತ್ತಾರಂತೆ. "ಇಷ್ಟೆಲ್ಲ ಅಳೆದೂ ತಪ್ಪುತ್ತಾರೆ ದೊಡ್ಡಮ್ಮ" ಎಂದು ಅವನು ಫೋನಿನಲ್ಲಿ ನಗುತ್ತಾನೆ. 2000ರ ಆಯ್ಕೆಯಲ್ಲಿ ಟಾಮ್ ಬ್ರೇಡಿ ಎಂಬ ಹುಡುಗ ಅಷ್ಟೇನೂ ವೇಗವಾಗಿ ಓಡಲಿಲ್ಲ, ನೋಡಲೂ ಕಟ್ಟುಮಸ್ತಾಗಿರಲಿಲ್ಲ. ಅವನ ಸರದಿ ಬಂದದ್ದು 199ನೆಯವನಾಗಿ, ಇತರ 6 ಕ್ವಾರ್ಟರ್‌ಬ್ಯಾಕ್‌ಗಳ ಆಯ್ಕೆ ಆದ ಮೇಲೆ. ಆ ದೇಶದ ಅತಿ ದೊಡ್ಡ ಪಂದ್ಯವಾದ ಸೂಪರ್ ಬೌಲನ್ನು ಅವನು 7 ಸಲ ಗೆದ್ದ. 1998ರಲ್ಲಿ ಮೊದಲ ಎರಡು ಸ್ಥಾನಗಳಲ್ಲಿ ಆಯ್ಕೆಯಾದವರು ಪೇಟನ್ ಮ್ಯಾನಿಂಗ್ ಮತ್ತು ರಯಾನ್ ಲೀಫ್. ಇಬ್ಬರಲ್ಲಿ ಯಾರು ಮೇಲು ಎಂದು ಬಲ್ಲವರೇ ಜಗಳವಾಡಿದ್ದರು. ಮ್ಯಾನಿಂಗ್ ಆಟದ ದೊಡ್ಡ ಹೆಸರುಗಳಲ್ಲಿ ಒಬ್ಬನಾದ. ಲೀಫ್ ಕೆಲವೇ ವರ್ಷಗಳಲ್ಲಿ ಕಣ್ಮರೆಯಾದ. ಗಜಕಡ್ಡಿಗೆ ಕಾಲು ಸಿಕ್ಕಿತು, ಎದೆ ಸಿಗಲಿಲ್ಲ.

ಅಷ್ಟು ದೂರ ಹೋಗುವುದೇಕೆ? 2020ರ ಫೆಬ್ರವರಿ ನೆನಪಿದೆಯಲ್ಲ? ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ದಾಟಿದರು. ಯಾರೋ ಲೆಕ್ಕ ಹಾಕಿದರು: 100 ಮೀಟರಿಗೆ 9.55 ಸೆಕೆಂಡು. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್ನಿನಲ್ಲಿ ಬರೆದ ವಿಶ್ವದಾಖಲೆ 9.58. ಮುಗಿಯಿತು! ಕಟ್ಟಡ ಕೆಲಸ ಮಾಡಿಕೊಂಡಿದ್ದ ಮನುಷ್ಯ ಎರಡು ದಿನಗಳಲ್ಲಿ ದೇಶಕ್ಕೆಲ್ಲ ಪರಿಚಿತನಾದ. ಕೇಂದ್ರದ ಕ್ರೀಡಾ ಸಚಿವರು ಪರೀಕ್ಷಾ ಓಟಕ್ಕೆ ಕರೆದರು. ಮುಖ್ಯಮಂತ್ರಿಗಳು ಬೆಂಗಳೂರಿಗೆ ಕರೆಸಿ 3 ಲಕ್ಷ ರೂಪಾಯಿ ಕೊಟ್ಟರು. ಅದೇ ತಿಂಗಳು ವೇಣೂರಿನಲ್ಲಿ ಬಜಗೋಳಿಯ ನಿಶಾಂತ್ ಶೆಟ್ಟಿ 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿ ಆ ದಾಖಲೆಯನ್ನೂ ದಾಟಿದರು. ಕೂದಲೆಳೆಯ ಅಂತರ, ಆದರೆ ದೇಶ ಅಷ್ಟರಲ್ಲಿ ಮೊದಲನೆಯ ಹೆಸರಿನಲ್ಲೇ ಮೈಮರೆತಿತ್ತು.

ಎಲ್ಲರಿಗಿಂತ ತಲೆ ಸರಿಯಾಗಿ ಓಡಿದ್ದು ಶ್ರೀನಿವಾಸ ಗೌಡರದ್ದೇ. ಬೋಲ್ಟ್ ವಿಶ್ವ ಚಾಂಪಿಯನ್, ನಾನು ಕೆಸರುಗದ್ದೆಯಲ್ಲಿ ಓಡುವವನು, ಗೆಲುವಿನ ಶ್ರೇಯ ನನ್ನ ಕೋಣಗಳಿಗೂ ಸಲ್ಲಬೇಕು ಎಂಬ ಅರ್ಥದ ಮಾತನ್ನು ಅವರು ಹೇಳಿದರು. ಕಾಲಿಗೆ ಪೆಟ್ಟಾಗಿದೆ, ಮುಂದಿನ ಕಂಬಳಗಳಿವೆ ಎಂದು ಪರೀಕ್ಷಾ ಓಟಕ್ಕೆ ಹೋಗಲಿಲ್ಲ. ಕಂಬಳ ಬಲ್ಲವರಿಗೆ ಇದು ಅರ್ಥವಾಗುತ್ತದೆ. ಕೋಣ ಮುಂದಕ್ಕೆ ಎಳೆಯುತ್ತದೆ, ಕೆಸರು ಹಿಂದಕ್ಕೆ ಎಳೆಯುತ್ತದೆ, ನಡುವೆ ಬರಿಗಾಲಿನ ಮನುಷ್ಯ ಬೀಳದೆ, ಹಿಡಿತ ಬಿಡದೆ ಎರಡು ಪ್ರಾಣಿಗಳ ಓಟಕ್ಕೆ ತನ್ನ ಹೆಜ್ಜೆ ಹೊಂದಿಸಬೇಕು. ಬೋಲ್ಟನನ್ನು ತಂದು ಕರೆಗೆ ಇಳಿಸಿದರೆ ಮಂಜೊಟ್ಟಿ ತಲಪುವ ಮೊದಲೇ ಮುಗ್ಗರಿಸುತ್ತಿದ್ದನೋ ಏನೋ. ಹಾಗೆಂದು ಯಾರೂ ಅವನನ್ನು ಕಳಪೆ ಓಟಗಾರ ಎನ್ನುವುದಿಲ್ಲ. ಒಂದು ಗದ್ದೆಯ ಅಳತೆಯನ್ನು ಇನ್ನೊಂದು ಗದ್ದೆಗೆ ಹೊತ್ತುಕೊಂಡು ಹೋದದ್ದೇ ತಪ್ಪು.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮಾತು ಅರ್ಧವಾದೀತು. "ನಿನ್ನ ಗದ್ದೆಯಲ್ಲೇ ನೀನು ದೊಡ್ಡವನು, ಅಲ್ಲೇ ಇರು" ಎಂಬುದು ಉಳ್ಳವರಿಗೆ ಬಹಳ ಅನುಕೂಲದ ವೇದಾಂತ. ಕೂಲಿಯ ಮಗನಿಗೆ ಇದನ್ನೇ ಹೇಳಿ ಶಾಲೆ ಬಿಡಿಸಿದವರಿದ್ದಾರೆ. "ಮನೆ ನಡೆಸುವ ಜಾಣ್ಮೆ ಇದೆಯಲ್ಲ, ಕಾಲೇಜು ಯಾಕೆ" ಎಂದು ಹೆಣ್ಣುಮಕ್ಕಳನ್ನು ಹೊಗಳಿ ಹೊಗಳಿಯೇ ಒಲೆಯ ಮುಂದೆ ಕೂರಿಸಿದವರಿದ್ದಾರೆ. ಹಾಗಾದರೆ ಸಚಿವರು ಕರೆದದ್ದು ತಪ್ಪೇ? ನನಗೆ ಹಾಗನ್ನಿಸುವುದಿಲ್ಲ. ಬಾಗಿಲು ತೆರೆಯುವುದು ಒಳ್ಳೆಯ ಕೆಲಸ. ಆದರೆ ತೆರೆದ ಬಾಗಿಲಿನಲ್ಲಿ ಬಾರದವನನ್ನು ಹೇಡಿ ಎನ್ನಬಾರದು. ಬಂದು ಸೋತವನನ್ನು ಸುಳ್ಳುಗಾರ ಎನ್ನಬಾರದು. ಬೇರೆಯವರು ತಂದ ಕೋಲಿನಿಂದ ಅಳೆಯಿಸಿಕೊಳ್ಳುತ್ತೇನೆ ಎನ್ನುವ ಹಕ್ಕು ಒಬ್ಬನಿಗೆ ಎಷ್ಟಿದೆಯೋ, ಬೇಡ ಎನ್ನುವ ಹಕ್ಕೂ ಅಷ್ಟೇ ಇದೆ. ಶ್ರೀನಿವಾಸ ಗೌಡರು "ಬೇಡ" ಎಂದಾಗ ಅದು ಅವರದೇ ತೀರ್ಮಾನವಾಗಿತ್ತು. ಒಲೆಯ ಮುಂದೆ ಕುಳಿತವಳಿಗೆ ಹಾಗೆ ಬೇಕು-ಬೇಡ ಎನ್ನುವ ಅವಕಾಶವೇ ಇರಲಿಲ್ಲ. ಎರಡೂ ಹೊರಗಿನಿಂದ ಸಂತೃಪ್ತಿಯಂತೆಯೇ ಕಾಣುತ್ತವೆ, ಒಳಗೆ ಅಜಗಜಾಂತರ.

ಹಾಗೆಂದು ಅಳೆಯುವುದನ್ನೇ ಬಿಟ್ಟುಬಿಡೋಣವೇ? ಅದೂ ಆಗದ ಮಾತು. ಲಕ್ಷಗಟ್ಟಲೆ ಬೆಲೆಯ ಕೋಣಗಳನ್ನು ಹುರುಳಿ ಬೇಯಿಸಿ ತಿನ್ನಿಸಿ, ಎಣ್ಣೆ ತಿಕ್ಕಿ, ಮಕ್ಕಳಿಗಿಂತ ಹೆಚ್ಚಾಗಿ ಸಾಕಿದ ಯಜಮಾನ ಯಾರೋ ಒಬ್ಬನನ್ನು ಓಡಿಸಲು ಆರಿಸಲೇಬೇಕು. ಆರಿಸುವುದೆಂದರೆ ಉಳಿದವರನ್ನು ಬಿಡುವುದು. ಶಾಲೆ ಅಂಕ ಕೊಡಲೇಬೇಕು, ಆಸ್ಪತ್ರೆ ಡಾಕ್ಟರನ್ನು ಆರಿಸಲೇಬೇಕು. ಪ್ರಶ್ನೆ ಇರುವುದು ಅಳೆಯುವವನ ನಡತೆಯಲ್ಲಿ. ತಾನು ಅಳೆದದ್ದು ಒಂದು ದಿನದ ಒಂದು ಓಟವನ್ನು, ಮನುಷ್ಯನನ್ನಲ್ಲ ಎಂಬ ಎಚ್ಚರ ಅವನಿಗೆ ಇರಬೇಕು. ಬಿಟ್ಟವನಿಗೆ ಇನ್ನೊಂದು ಗದ್ದೆ ಇರಬಹುದು ಎಂಬ ಸಂಶಯವೂ ಇರಬೇಕು. ಆರಿಸಿದವನನ್ನು ಒಂದು ಸೋಲಿಗೇ ಕೈಬಿಡದ ತಾಳ್ಮೆ ಅದಕ್ಕಿಂತಲೂ ಹೆಚ್ಚು ಬೇಕು.

ಈ ವಿವೇಕ ನಮ್ಮ ಕಂಬಳದ ಒಳಗೇ ಇದೆ. ಹಗ್ಗ, ನೇಗಿಲು, ಅಡ್ಡ ಹಲಗೆಗಳಲ್ಲಿ ಯಾರು ಮೊದಲು ಗುರಿ ಮುಟ್ಟಿದರು ಎಂಬುದೇ ಲೆಕ್ಕ. ಒಬ್ಬ ಗೆಲ್ಲಬೇಕಾದರೆ ಪಕ್ಕದ ಕರೆಯವನು ಸೋಲಬೇಕು. ಕನೆ ಹಲಗೆಯ ದಾರಿಯೇ ಬೇರೆ. ಅಲ್ಲಿ ತೂತುಗಳಿರುವ ಮರದ ಹಲಗೆಯ ಮೇಲೆ ಕಾಲಿಟ್ಟು ಕೋಣಗಳ ಹಿಂದೆ ಸಾಗುವವನು ನೀರನ್ನು ಮೇಲಕ್ಕೆ ಚಿಮ್ಮಿಸಬೇಕು. ಆರೂವರೆ ಕೋಲು, ಏಳೂವರೆ ಕೋಲು ಎಂದು ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ನೀರು ನಿಶಾನೆಗೆ ಹಾಯ್ದರೆ ಗೆಲುವು. ಪಕ್ಕದವನು ಸೋಲಬೇಕೆಂದಿಲ್ಲ, ಅವನ ನೀರೂ ಹಾಯ್ದರೆ ಅವನೂ ಗೆದ್ದ. ಪತ್ರಿಕೆಯ ಫಲಿತಾಂಶದಲ್ಲಿ ಕನೆ ಹಲಗೆಯ ಮುಂದೆ ಕೆಲವೊಮ್ಮೆ ಕಂಸದಲ್ಲಿ ಒಂದು ಸಾಲು ಇರುತ್ತದೆ: ನೀರು ನೋಡಿ ಬಹುಮಾನ.

ಎಂಥ ಚೆಂದದ ಮಾತು! ಮೈಕಟ್ಟು ನೋಡಿ ಅಲ್ಲ, ಮನೆತನ ನೋಡಿ ಅಲ್ಲ, ಎಲ್ಲೋ ಬರ್ಲಿನ್ನಿನಲ್ಲಿ ಓಡಿದವನನ್ನು ನೋಡಿಯೂ ಅಲ್ಲ. ಅವನು ಎಬ್ಬಿಸಿದ ನೀರು ಎಲ್ಲಿಯವರೆಗೆ ಹೋಯಿತು ಎಂದು ನೋಡಿ. ನಮ್ಮ ಮಕ್ಕಳ ಅಂಕಪಟ್ಟಿಯನ್ನು ಪಕ್ಕದ ಮನೆಯ ಅಂಕಪಟ್ಟಿಯ ಪಕ್ಕ ಇಡುವ ಮೊದಲು, ಮನೆಗೆ ಬಂದ ಸೊಸೆಯನ್ನು ಅಕ್ಕನ ಮನೆಯ ಸೊಸೆಯ ಜೊತೆ ತೂಗುವ ಮೊದಲು, ಇದೊಂದು ಸಾಲನ್ನು ನೆನಪಿಸಿಕೊಂಡರೆ ಎಷ್ಟೋ ಮನೆಗಳಲ್ಲಿ ಒಂದಿಷ್ಟು ಕಣ್ಣೀರು ಉಳಿಯುತ್ತಿತ್ತು.